ಏಳನೆಯ ಕಾಯಿಲ್

ರೋಣದಲ್ಲಿ ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಲದ ಬೋರ್‌ವೆಲ್ ಮೋಟಾರು ಸುಟ್ಟರೆ, ಹಿಟ್ಟಿನ ಗಿರಣಿಯ ಮೋಟಾರು ಹೊಗೆಯಾಡಿದರೆ ಜನ ನಮ್ಮಲ್ಲಿಗೆ ತರುತ್ತಾರೆ. ಮುಂದೆ ಕುರ್ಚಿಯಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುವವರು ನಮ್ಮ ಮನೆಯವರು. ಒಳಗೆ ಕೂತು ತಂತಿ ಸುತ್ತುವವಳು ನಾನು. ಈ ಕೆಲಸ ನನಗೆ ಅಪ್ಪನಿಂದ ಬಂತು. ಗಜೇಂದ್ರಗಡದಲ್ಲಿ ಅವನದೂ ಇಂಥದೇ ಅಂಗಡಿ ಇತ್ತು. ಪಿಯುಸಿಯಲ್ಲಿ ಸೈನ್ಸ್ ಓದಿ, ಮುಂದೆ ಓದುವ ಅವಕಾಶವಾಗದೆ, ಅವನ ಪಕ್ಕದಲ್ಲಿ ಕೂತು ಸುತ್ತುವುದನ್ನು ಕಲಿತೆ. ಮದುವೆಯಾದ ಮೇಲೆ ಮೋಟಾರು ಬಿಚ್ಚುವುದು, ಕಟ್ಟುವುದು ಗಂಡನ ಪಾಲಿಗೆ, ಕಾಯಿಲ್ ಸುತ್ತುವುದು ನನ್ನ ಪಾಲಿಗೆ ಎಂದಾಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಹೀಗೇ ನಡೆದಿದೆ. ಗಿರಾಕಿಗಳು ಮಾತ್ರ "ನಿಮ್ಮ ಕೈ ಭಾಳ ಚಲೋ ಐತ್ರಿ" ಎಂದು ಇಂದಿಗೂ ಅವರಿಗೇ ಹೇಳಿ ಹೋಗುತ್ತಾರೆ.

ಮೂರು ವರ್ಷದ ಹಿಂದೆ, ಕಡಲೆ ರಾಶಿ ಮುಗಿದ ದಿನಗಳಲ್ಲಿ, ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವರು ಇಬ್ಬರು. ಒಬ್ಬ ನಲವತ್ತರ ಆಸುಪಾಸಿನ ಗಂಡಸು. ನಮ್ಮ ಎರೆಮಣ್ಣಿನ ಊರಲ್ಲಿ ಬಿಳಿ ಬೂಟು ಹಾಕಿಕೊಂಡು ಬಂದಿದ್ದ. ಇನ್ನೊಬ್ಬಳು ಅವನಿಗಿಂತ ಚಿಕ್ಕವಳು, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ ಹಿಡಿದಿದ್ದಳು.

"ಹ್ಯಾಂಗದೀರ್ರಿ, ಎಲ್ಲಾ ಆರಾಮ?" ಎಂದ ಗಂಡಸು. ಮಾತು ನಮ್ಮದೇ, ಆದರೆ ಬಾಯಿಪಾಠ ಮಾಡಿಕೊಂಡು ಬಂದಂತಿತ್ತು. ತನ್ನ ತಾಯಿಯ ತವರು ನರಗುಂದ ಎಂದ. ಅಲ್ಲಿ ಊರ ಹೊರಗೆ ಎಷ್ಟೋ ವರ್ಷದಿಂದ ಮುಚ್ಚಿದ್ದ ಹತ್ತಿ ಜಿನ್ನಿಂಗ್ ಮಿಲ್ಲನ್ನು ತನ್ನ ಕಂಪನಿ ಬಾಡಿಗೆಗೆ ಹಿಡಿದಿದೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಆ ಜಾಗ ಒಪ್ಪಿತು ಎಂದ. ಕಂಪನಿಯ ಮುಖ್ಯಸ್ಥ ಅವನೇ. ಜೊತೆಗೆ ಬಂದವಳು ಅವನ ಎಂಜಿನಿಯರ್, ಮೈಸೂರು ಕಡೆಯವಳು.

ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು. ನಾನು ಒಳಗಿನಿಂದ ಎದ್ದು ಬಂದು ನಮ್ಮವರ ಹೆಗಲ ಹಿಂದೆ ನಿಂತು ನೋಡಿದೆ. ಹನ್ನೆರಡು ಕಾಯಿಲ್ ಬೇಕಂತೆ, ಎಲ್ಲ ಒಂದೇ ಅಳತೆ. ತಂತಿಯದಲ್ಲ, ಬೆರಳಗಲದ ತಾಮ್ರದ ಪಟ್ಟಿಯದು, ಚಕ್ಕುಲಿಯ ಹಾಗೆ ಚಪ್ಪಟೆಯಾಗಿ ಸುತ್ತಿದ್ದು. ಒಂದೊಂದೂ ರೊಟ್ಟಿ ಬಡಿಯುವ ಕೊಣಮಿಗೆಗಿಂತ ದೊಡ್ಡದು. ನಾನು ಕಂಡ ಯಾವ ಮೋಟಾರಿಗೂ ಆ ಕಾಯಿಲ್ ಹೊಂದುವಂತಿರಲಿಲ್ಲ.

"ಇದರಾಗ ತಿರಗೂದೇನೈತ್ರಿ?" ಎಂದು ಕೇಳಿದೆ.

ಎಂಜಿನಿಯರ್ ತಲೆಯೆತ್ತಿ ನನ್ನನ್ನು ನೋಡಿದಳು. "ಏನೂ ತಿರುಗೋಲ್ಲ" ಎಂದಳು.

"ಏನೂ ತಿರಗಂಗಿಲ್ಲ ಅಂದ್ರ ಯಾವ ಮಷೀನಿಗೆ ಹಾಕ್ತೀರಿ?"

ಮುಖ್ಯಸ್ಥ ನಡುವೆ ಬಾಯಿ ಹಾಕಿದ. "ಅದು ಆಮ್ಯಾಲ ಹೇಳ್ತೀವ್ರಿ. ಮದಲ ಒಂದು ಕಾಗದಕ್ಕ ಸಹಿ ಬೇಕು." ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮವರು ಪೆನ್ನು ತೆಗೆದೇ ಬಿಟ್ಟಿದ್ದರು. ನಾನು ಕಾಗದದ ಮೇಲೆ ಕೈ ಇಟ್ಟೆ. ಓದಿ ಹೇಳದೆ ಸಹಿ ಮಾಡುವುದಿಲ್ಲ ಎಂದೆ. ಮುಖ್ಯಸ್ಥನ ಮುಖ ಸಪ್ಪಗಾಯಿತು, ಆದರೆ ಎಂಜಿನಿಯರ್ ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು. ಸಾರಾಂಶ ಇಷ್ಟೇ: ಆ ಮಿಲ್ಲಿನೊಳಗೆ ಕಂಡದ್ದನ್ನು ಹೊರಗೆ ಹೇಳಬಾರದು, ಯಂತ್ರದ ಫೋಟೊ ತೆಗೆಯಬಾರದು.

"ಮುಚ್ಚಿಡೂವಂಥಾದ್ದೇನೈತಿ ಒಳಗ?" ಎಂದೆ.

"ಬೇರೆ ಕಂಪನಿಯವರು ನಕಲು ಮಾಡ್ತಾರೆ ಅಂತ ಅಕ್ಕ, ಅಷ್ಟೆ."

ಕೊನೆಗೆ ನಮ್ಮವರ ಒತ್ತಾಯಕ್ಕೆ ಸಹಿ ಹಾಕಿದೆ. ಹಾಕುವಾಗ ಮೇಲೊಂದು ಸಾಲು ಕನ್ನಡದಲ್ಲಿ ಬರೆಸಿಕೊಂಡೆ: ಮೋಸ ಕಂಡರೆ ಈ ಮಾತು ನನ್ನನ್ನು ಕಟ್ಟಿಹಾಕುವುದಿಲ್ಲ. ಮುಖ್ಯಸ್ಥ ನಕ್ಕ. ಎಂಜಿನಿಯರ್ ಬರೆದು ಕೆಳಗೆ ತನ್ನ ಸಹಿಯನ್ನೂ ಹಾಕಿದಳು.

ಅವಳು ಮತ್ತೆ ಬಂದಾಗ ಕಾಯಿಲ್ ಏತಕ್ಕೆ ಎಂದು ತಿಳಿಯಿತು. ಸೂರ್ಯನಲ್ಲಿ ಆಗುವ ಕೆಲಸವನ್ನೇ ಯಂತ್ರದಲ್ಲಿ ಮಾಡಿಸಿ ಕರೆಂಟು ತೆಗೆಯುವ ಪ್ರಯತ್ನವಂತೆ. ಅಣುವನ್ನು ಒಡೆಯುವುದಲ್ಲ, ಸಣ್ಣ ಅಣುಗಳನ್ನು ಒಂದಕ್ಕೊಂದು ಬೆಸೆಯುವುದು. ಸಮ್ಮಿಲನ ಎಂದು ಪುಸ್ತಕದಲ್ಲಿ ಓದಿದ್ದು ನೆನಪಾಯಿತು. ರಾತ್ರಿ ಊಟದ ಹೊತ್ತಿಗೆ ನಮ್ಮವರು ಮನೆಯಲ್ಲಿ ಅದನ್ನು ದೊಡ್ಡ ಸುದ್ದಿ ಮಾಡಿ ಹೇಳಿದರು. ನಮ್ಮ ಅತ್ತೆ ತುತ್ತು ಬಾಯಿಗಿಡುವುದನ್ನು ನಿಲ್ಲಿಸಿ ಕೇಳಿದರು.

"ಸೂರ್ಯನ್ನ ತಂದು ನರಗುಂದದ ಜಿನ್ನಿನಾಗ ಇಡ್ತಾರಂತ?"

"ಇಡಾಕತ್ತಿಲ್ಲವ್ವ. ಅಂಥಾದ್ದ ಶಾಖ ಮಾಡ್ತಾರ."

"ಮಾಡವರಿಗೆ ಜಾಗ ಇಲ್ಲೇ ಸಿಕ್ತು? ಅವರ ಊರಾಗ ಯಾಕ ಮಾಡವಲ್ರು?"

ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೂ ಅದೇ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದಾಗ ನಾನು ಅಲ್ಲೇ ತವರಿನಲ್ಲಿದ್ದೆ. ಇನ್ನು ಮೇಲೆ ನಿಮ್ಮೂರಿಗೆ ಕರೆಂಟು ಹೋಗುವ ಮಾತೇ ಇಲ್ಲ ಎಂದು ಬಂದವರು ಬಾಯ್ತುಂಬ ಹೇಳಿದ್ದರು. ಈಗಲೂ ಗುಡ್ಡದ ಮೇಲೆ ರೆಕ್ಕೆಗಳು ತಿರುಗುತ್ತವೆ, ಕೆಳಗೆ ಹೊಲಕ್ಕೆ ತ್ರೀ ಫೇಸ್ ಪಾಳಿ ಪ್ರಕಾರವೇ ಬರುತ್ತದೆ. ಓಲ್ಟೇಜ್ ಬಿದ್ದು ಸುಟ್ಟ ಮೋಟಾರುಗಳೇ ನಮ್ಮ ಅಂಗಡಿ ನಡೆಸುತ್ತಿವೆ. ಕರೆಂಟಿನ ವಿಷಯದಲ್ಲಿ ದೊಡ್ಡ ಮಾತಾಡುವವರನ್ನು ಕಂಡರೆ ನನಗೆ ಮೊದಲು ಬರುವುದು ಸಂಶಯ.

ಊರಲ್ಲೂ ಮಾತು ಹಬ್ಬಿತ್ತು. ಮಿಲ್ಲಿನಲ್ಲಿ ಬಾಂಬು ಮಾಡುತ್ತಾರೆ ಎಂದು ಒಬ್ಬರು, ಖೋಟಾ ನೋಟು ಅಚ್ಚು ಹಾಕುತ್ತಾರೆ ಎಂದು ಇನ್ನೊಬ್ಬರು. ಮಿಲ್ಲಿನ ಪಕ್ಕದ ಹೊಲದವಳೊಬ್ಬಳು ಗಿರಣಿ ಮೋಟಾರು ತಂದಾಗ ಮೆಲ್ಲಗೆ ನನ್ನನ್ನು ಕೇಳಿದಳು. "ಅಲ್ಲಿ ಗಾಳಿ ಕುಡದ್ರ ಕೂದಲಾ ಉದರ್ತಾವಂತ, ಖರೇ ಏನ್ರಿ?" ಗೊತ್ತಿಲ್ಲ ಎಂದೆ. ಸಹಿ ಹಾಕಿದ ಕಾಗದ ನೆನಪಾಗಿ ಹೆಚ್ಚು ಮಾತಾಡಲಿಲ್ಲ. ಅವಳು ನನ್ನನ್ನೂ ಅವರ ಜೊತೆ ಸೇರಿಸಿ ನೋಡಿದಳು.

ಮರುವಾರ ಎಂಜಿನಿಯರ್ ಬಂದಾಗ ನಾನು ಅದನ್ನೇ ಕೇಳಿದೆ. ಅವಳು ಮುಚ್ಚುಮರೆ ಮಾಡಲಿಲ್ಲ. ಈಗ ಬಳಸುವುದು ಬರೀ ಜಲಜನಕದ ಗಾಳಿ, ಬೆಸೆಯುವಷ್ಟು ಶಾಖ ಈ ಯಂತ್ರದಲ್ಲಿ ಬರುವುದೇ ಇಲ್ಲ, ಆದ್ದರಿಂದ ಹೆದರುವಂಥದ್ದು ಹೈ ಓಲ್ಟೇಜ್ ಒಂದೇ ಎಂದಳು. ಅಷ್ಟು ಕಾದು ಬೆಳಗುವ ಗಾಳಿಗೆ ಪ್ಲಾಸ್ಮಾ ಎನ್ನುತ್ತಾರಂತೆ, ಅದನ್ನು ಯಾವ ಪಾತ್ರೆಯೂ ತಾಳುವುದಿಲ್ಲ. ಅದಕ್ಕೇ ಪಾತ್ರೆಯ ಗೋಡೆಗೆ ತಾಗದ ಹಾಗೆ ಅಯಸ್ಕಾಂತದ ಬಲದಿಂದ ನಡುವೆ ಹಿಡಿದು ನಿಲ್ಲಿಸಬೇಕು. ನನ್ನ ಹನ್ನೆರಡು ಕಾಯಿಲ್ ಇರುವುದು ಆ ಹಿಡಿತಕ್ಕೆ.

"ಎಷ್ಟು ಕರೆಂಟು ಒಳಗ ಹೋಗ್ತೈತಿ, ಎಷ್ಟು ಹೊರಗ ಬರ್ತೈತಿ?"

"ಈಗ ಎಲ್ಲಾ ಒಳಗೇ ಹೋಗತ್ತೆ ಅಕ್ಕ. ಹೊರಗೆ ಏನೂ ಬರಲ್ಲ."

"ಮತ್ತ ನಿಮ್ಮ ಸಾಹೇಬ್ರು ಊರಿಗೆಲ್ಲಾ ಬೆಳಕ ಕೊಡ್ತೀವಿ ಅಂತಾರಲ್ಲ?"

"ಅದು ಮುಂದಿನ ಯಂತ್ರದ ಮಾತು. ಅದರ ಮುಂದಿನದೂ ಇರಬಹುದು" ಎಂದು ಅವಳು ನಕ್ಷೆ ಮಡಚತೊಡಗಿದಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂದು ನನಗೆ ಅನ್ನಿಸಿತು. ಆದರೆ 'ಮುಂದಿನ ಯಂತ್ರ' ಎಂಬ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಕೆಲಸ ಮಾತ್ರ ನನಗೆ ಹಿಡಿಸಿತು, ಸುಳ್ಳೇಕೆ ಹೇಳಲಿ. ಮೊದಲ ಕಾಯಿಲ್ ಅನ್ನು ಅವಳು ವಾಪಸು ಮಾಡಿದಳು, ಅಳತೆಗಿಂತ ಕೂದಲೆಳೆಯಷ್ಟು ದಪ್ಪವಾಗಿತ್ತು. ಯಾರೂ ನನ್ನ ಕೆಲಸವನ್ನು ಹಾಗೆ ವಾಪಸು ಮಾಡಿರಲಿಲ್ಲ. ಸಿಟ್ಟು ಬಂತು. ಬಿಚ್ಚಿ ಮತ್ತೆ ಸುತ್ತಿದೆ. ತಾಮ್ರದ ಪಟ್ಟಿ ಬಗ್ಗಿಸುವುದು, ಅಂಚನ್ನು ಅರದಿಂದ ಸವರುವುದು, ಗಾಜಿನ ನೂಲಿನ ಟೇಪು ಬಿಗಿಯಾಗಿ ಸುತ್ತುವುದು, ವಾರ್ನಿಶ್ ಕುಡಿಸಿ ಒಲೆಯಲ್ಲಿ ಒಣಗಿಸುವುದು. ಅಂಚು ಸವರಿದ ಮೇಲೆ ಒಂದು ಹಿಡಿ ಅರಳೆ ತೆಗೆದುಕೊಂಡು ತಾಮ್ರದ ಮೇಲೆ ಎಳೆದು ನೋಡುವುದು ನನ್ನ ರೂಢಿ, ಅಪ್ಪ ಕಲಿಸಿದ್ದು. ಎಲ್ಲಾದರೂ ಕಣ್ಣಿಗೆ ಕಾಣದ ಮುಳ್ಳು ಉಳಿದಿದ್ದರೆ ಅರಳೆಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮುಳ್ಳು ಉಳಿದರೆ ಇವತ್ತಲ್ಲ ನಾಳೆ ಟೇಪನ್ನು ಕೊರೆದು ಹೊರಗೆ ಬರುತ್ತದೆ.

ಆರು ಕಾಯಿಲ್ ಮುಗಿಸಿ ಏಳನೆಯದನ್ನು ಹಿಡಿದ ದಿನ ನಮ್ಮವರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಮುಖ್ಯಸ್ಥ ಅದೇ ಬಿಳಿ ಬೂಟು ಹಾಕಿಕೊಂಡು ಮಿಲ್ಲಿನ ಮುಂದೆ ನಿಂತಿದ್ದ. ಮೂರೇ ವರ್ಷಗಳಲ್ಲಿ ಈ ಶೆಡ್ಡಿನಿಂದ ಇಡೀ ಜಿಲ್ಲೆ ಬೆಳಗುತ್ತದೆ, ಯಂತ್ರ ಹೆಚ್ಚುಕಡಿಮೆ ಸಿದ್ಧ ಎನ್ನುತ್ತಿದ್ದ. ಐದು ಕಾಯಿಲ್ ಇನ್ನೂ ತಾಮ್ರದ ಪಟ್ಟಿಯಾಗಿ ನನ್ನ ಗೋಡೆಗೆ ಒರಗಿದ್ದವು.

"ನೋಡ್ರಿ, ಹ್ಯಾಂಗ ಸುಳ್ಳ ಹೇಳ್ತಾನ" ಎಂದೆ.

"ದೊಡ್ಡ ಕೆಲಸಕ್ಕ ದೊಡ್ಡ ಮಾತ ಬೇಕಾಗ್ತಾವ. ನಿನಗ ಎಲ್ಲಾದ್ರಾಗೂ ಸಂಶೇನ" ಎಂದರು ನಮ್ಮವರು.

ನಾನು ಒಳಗೆ ಹೋಗಿ ಕೂತು ಆ ಕಾಯಿಲ್ ಸುತ್ತಿದೆ.

ಹನ್ನೆರಡೂ ಮುಗಿದು ಯಂತ್ರಕ್ಕೆ ಕೂರಿಸಿದ ಮೇಲೆ ನನ್ನನ್ನು ಮಿಲ್ಲಿಗೆ ಕರೆದರು. ಹತ್ತಿ ರಾಶಿ ಬೀಳುತ್ತಿದ್ದ ಜಾಗದಲ್ಲಿ ಮಂಚದಷ್ಟು ಎತ್ತರದ ಉಕ್ಕಿನ ಉಂಗುರ ನಿಂತಿತ್ತು. ಟ್ರ್ಯಾಕ್ಟರಿನ ಗಾಲಿಯನ್ನು ಮಲಗಿಸಿದ ಹಾಗೆ. ಅದರ ಮೈಸುತ್ತ ನನ್ನ ಕಾಯಿಲ್‌ಗಳು. ಗೋಡೆಯ ಆಚೆ ಕೂತು ಗುಂಡಿ ಒತ್ತುತ್ತಾರೆ. ಒತ್ತಿದಾಗ ಕಾಯಿಲ್‌ಗಳಲ್ಲಿ ಒಮ್ಮೆಲೇ ಕರೆಂಟು ಹರಿದು ಧಡ್ ಎಂದು ಸದ್ದಾಗುತ್ತದೆ, ಹಸಿ ಗೋಣಿಚೀಲವನ್ನು ನೆಲಕ್ಕೆ ಬಡಿದ ಹಾಗೆ. ನೆಲದ ಅದುರು ಪಾದಕ್ಕೂ ಗೊತ್ತಾಯಿತು. ಹತ್ತು ಸಲ ಒತ್ತಿದ ಮೇಲೆ ಎಂಜಿನಿಯರ್ ಒಳಗಿನ ಓಲ್ಟೇಜನ್ನೆಲ್ಲ ಭೂಮಿಗೆ ಇಳಿಸಿ, ಎರಡು ಸಲ ಪರೀಕ್ಷೆ ಮಾಡಿ, ನನ್ನನ್ನು ಹತ್ತಿರ ಬಿಟ್ಟಳು. ಕಾಯಿಲ್ ಮುಟ್ಟಿ ನೋಡಿದೆ. ಜ್ವರ ಬಂದ ಹಣೆಯ ಹಾಗೆ ಬೆಚ್ಚಗಿತ್ತು. ಕೆಲಸ ಮಾಡಿದ ಕಾಯಿಲ್ ಎಂದರೆ ಹಾಗೇ.

ಒಳಗೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬೆಳಕು ನಿಂತಿತ್ತಂತೆ. ನನಗೆ ಕಂಡದ್ದು ಕ್ಯಾಮರಾದಲ್ಲಿ ಹಿಡಿದ ಒಂದು ಮಸುಕು ಉಂಗುರ ಮಾತ್ರ. ಅಷ್ಟಕ್ಕೇ ಎಂಜಿನಿಯರ್ ಕಣ್ಣಲ್ಲಿ ನೀರು ಬಂದಿತ್ತು.

ಎರಡು ತಿಂಗಳ ಮೇಲೆ, ಬೇಸಿಗೆಯಲ್ಲಿ, ಕಂಪನಿಗೆ ಬಂಡವಾಳ ಹಾಕುವವರು ನೋಡಲು ಬರುತ್ತಾರೆ ಎಂದು ಸುದ್ದಿಯಾಯಿತು. ಮಿಲ್ಲಿಗೆ ಸುಣ್ಣ ಹಚ್ಚಿದರು, ಮುಂದೆ ಶಾಮಿಯಾನ ಹಾಕಿದರು. ಸ್ಥಳೀಯ ಕುಶಲಕರ್ಮಿ ಎಂದು ನಮ್ಮನ್ನೂ ಕರೆದಿದ್ದರು. ಮುಖ್ಯಸ್ಥ ನಮ್ಮವರ ಹೆಗಲ ಮೇಲೆ ಕೈಯಿಟ್ಟು "ಇವರೇ ನಮ್ಮ ಕಾಯಿಲ್ ಸುತ್ತಿದವರು" ಎಂದು ಪರಿಚಯ ಮಾಡಿಸಿದ. ನಮ್ಮವರು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.

ಆಮೇಲೆ ಪ್ರದರ್ಶನ. ಬಂದವರೆಲ್ಲ ದೊಡ್ಡ ಪರದೆಯ ಮುಂದೆ ಕೂತರು. ಸಂಗೀತ ಹಾಕಿದರು, ಹೊರಗೆ ಜನರೇಟರ್ ಬೇರೆ ಗುಡುಗುತ್ತಿತ್ತು. ಮೂರು, ಎರಡು, ಒಂದು ಎಂದು ಎಣಿಸಿ ಗುಂಡಿ ಒತ್ತಿದರು. ಪರದೆಯ ಮೇಲೆ ಗುಲಾಬಿ ಬಣ್ಣದ ಬೆಳಕು ತುಂಬಿಕೊಂಡಿತು, ದಾಸವಾಳ ನೆನೆಸಿಟ್ಟ ನೀರಿನ ಹಾಗೆ. ನೋಡುವುದಕ್ಕೆ ಭಾಳ ಚೆನ್ನಾಗಿತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನು ತಟ್ಟಲಿಲ್ಲ. ಬೆಳಕು ಮಿಂಚಿ ಹೋಗಲಿಲ್ಲ, ನಿಂತೇ ಇತ್ತು. ಹೋದ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿದ್ದು ಈಗ ಇಷ್ಟು ಹೊತ್ತು ಹೇಗೆ ನಿಂತಿತು? ಧಡ್ ಎಂಬ ಸದ್ದೂ ಕೇಳಲಿಲ್ಲ. ಸಂಗೀತದಲ್ಲಿ ಮುಚ್ಚಿಹೋಗಿರಬಹುದು ಎಂದುಕೊಂಡೆ. ಆದರೆ ಆ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ, ನೆಲ ಅದುರುತ್ತದೆ. ಆ ದಿನ ನೆಲ ಅಲ್ಲಾಡಲಿಲ್ಲ.

ಬಂದವರು ಊಟಕ್ಕೆ ಹೋದಾಗ ಎಂಜಿನಿಯರ್ ಒಳಗೆ ಒಬ್ಬಳೇ ಇದ್ದಳು. ಕಾಯಿಲ್ ನೋಡಬೇಕು ಎಂದೆ. ಅವಳು ಬೇಡ ಎನ್ನಲಿಲ್ಲ. ಒಂದೊಂದಾಗಿ ಹನ್ನೆರಡನ್ನೂ ಮುಟ್ಟಿದೆ. ಪಕ್ಕದ ಕಬ್ಬಿಣದ ಕಂಬ ಎಷ್ಟು ಬೆಚ್ಚಗಿತ್ತೋ ಇವೂ ಅಷ್ಟೇ. ಬೇಸಿಗೆಯ ತಗಡಿನ ಶಾಖ, ಅಷ್ಟೆ.

"ಇವತ್ತು ಕಾಯಿಲ್‌ನಾಗ ಕರೆಂಟ ಹರದಿಲ್ಲ" ಎಂದೆ.

"ಇಲ್ಲ ಅಕ್ಕ. ಬೆಳಗ್ಗೆ ಮೆಗ್ಗರ್ ಮೀಟರ್ ಹಾಕಿ ಪರೀಕ್ಷೆ ಮಾಡಿದಾಗ ಒಂದು ಕಾಯಿಲ್‌ನಲ್ಲಿ ಇನ್ಸುಲೇಷನ್ ಕಡಿಮೆ ತೋರಿಸ್ತು. ಕರೆಂಟು ಬಿಟ್ಟರೆ ಸುಟ್ಟುಹೋಗತ್ತೆ ಅಂತ ಬಿಡಲಿಲ್ಲ. ಪಾತ್ರೆ ಸ್ವಚ್ಛ ಮಾಡೋಕೆ ದಿನಾ ಒಳಗೆ ಒಂದು ಬೆಳಕು ಹಚ್ಚುತ್ತೀವಿ, ಅದನ್ನೇ ತೋರಿಸಿದ್ವಿ. ಅದೂ ಪ್ಲಾಸ್ಮಾನೇ, ಸುಳ್ಳಲ್ಲ."

"ಬಂದವರಿಗೆ ಹಿಂಗಂತ ಹೇಳಿದ್ರೇನು?"

"ಇಲ್ಲ."

"ಹೇಳದ ಇದ್ದದ್ದು ಸುಳ್ಳಲ್ಲದ ಮತ್ತೇನು ತಂಗಿ?"

ಅವಳು ಯಂತ್ರದ ಬೋಲ್ಟೊಂದನ್ನು ಒರೆಸತೊಡಗಿದಳು. ನಾನು ಹೊರಡುವಾಗ, ಹೇಳಲೋ ಬೇಡವೋ ಎಂಬಂತೆ, ಮೆಲ್ಲಗೆ ಅಂದಳು. "ಕಡಿಮೆ ತೋರಿಸಿದ್ದು ಏಳನೇದು."

ಹೊರಗೆ ಬೇವಿನ ಗಿಡದ ನೆರಳಲ್ಲಿ ನಮ್ಮವರು ಊಟ ಮಾಡುತ್ತಿದ್ದರು. ನಡೆದದ್ದನ್ನು ಹೇಳಿದೆ. ಅವರ ಕೈಯ ತುತ್ತು ತಟ್ಟೆಗೆ ಹೋಯಿತು. ಆದರೂ "ಈಗ ಏನೂ ಮಾತಾಡಬ್ಯಾಡ. ಮಂದಿ ಹೋಗಲಿ" ಎಂದರು. ನನಗೆ ಆಗ ಹೊಸ ಸಂಶಯ ಹೊಕ್ಕಿತ್ತು. ಯಂತ್ರ ನಡೆಯದ್ದಕ್ಕೆ ಇವರು ಒಂದು ನೆಪ ಹುಡುಕುತ್ತಿದ್ದಾರೆ, ಆ ನೆಪ ನಾನು ಎಂದು. ಹಳ್ಳಿಯ ಮೋಟಾರು ಸುತ್ತುವವರನ್ನು ನಂಬಿ ಕೆಟ್ಟೆವು ಎಂದರೆ ಕೇಳುವವರು ಯಾರೂ ಅಲ್ಲ ಎನ್ನುವುದಿಲ್ಲ. ಅಂದೇ ಎಂಜಿನಿಯರ್‌ಗೆ ಪಟ್ಟು ಹಿಡಿದು ಹೇಳಿದೆ: ಆ ಕಾಯಿಲ್ ಬಿಚ್ಚಿ ಕೊಡಿ, ನಾನೇ ತೆರೆದು ನೋಡುತ್ತೇನೆ, ಅಲ್ಲಿಯವರೆಗೆ ಯಾರೂ ಅದಕ್ಕೆ ಕೈ ಹಚ್ಚಬಾರದು.

ಎರಡು ದಿನದ ಮೇಲೆ ಕಾಯಿಲ್ ರೋಣಕ್ಕೆ ಬಂತು. ಬೆಳಗಿನ ಬಿಸಿಲಿಗೆ ಅಂಗಡಿಯ ಬಾಗಿಲಲ್ಲೇ ಕೂತು ಟೇಪು ಬಿಚ್ಚಿದೆ. ಎಂಜಿನಿಯರ್ ಎದುರಿಗೆ ಕೂತಿದ್ದಳು, ನಮ್ಮವರೂ. ಎಲ್ಲಾದರೂ ಅವರು ಸುತ್ತಿಗೆ ತಾಗಿಸಿದ ಗುರುತು, ಬೋಲ್ಟು ಹೆಚ್ಚು ಬಿಗಿದ ಗುರುತು ಸಿಗುತ್ತದೆ ಎಂದು ನಾನು ಹುಡುಕುತ್ತಿದ್ದೆ. ಸಿಗಬೇಕು ಎಂಬ ಆಸೆಯೂ ಇತ್ತು. ಪದರದ ಮೇಲೆ ಪದರ ತೆಗೆಯುತ್ತಾ ಹೊರಸುತ್ತಿನ ಬಾಗು ಬಂತು. ಅಲ್ಲಿ ಟೇಪಿನ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಅದರ ಕೆಳಗೆ ತಾಮ್ರದ ಅಂಚಿನಲ್ಲಿ ಒಂದು ಮುಳ್ಳು. ಪ್ರತಿ ಸಲ ಧಡ್ ಎಂದಾಗ ಅದು ಅಲುಗಾಡಿ ಟೇಪನ್ನು ಸ್ವಲ್ಪಸ್ವಲ್ಪವೇ ಕೊರೆದು, ಕಾಯಿಲ್ ಹಿಡಿದಿರುವ ಉಕ್ಕಿಗೆ ತಾಗುವಷ್ಟು ಹೊರಗೆ ಬಂದಿತ್ತು. ಅರ ಆಡಿಸಿದ ಗೆರೆಗಳು ಅದರ ಪಕ್ಕಕ್ಕೆ ಬಂದು ನಿಂತಿದ್ದವು. ಅವು ನನ್ನ ಕೈಯ ಗೆರೆಗಳು.

ವಿಡಿಯೊ ನೋಡಿದ ಆ ದಿನ ನೆನಪಾಯಿತು. ಸಿಟ್ಟಿನಲ್ಲಿ ಒಳಗೆ ಹೋಗಿ ಕೂತಿದ್ದೆ. ಈ ಸುಳ್ಳುಗಾರನ ಯಂತ್ರಕ್ಕೆ ಇಷ್ಟು ಸಾಕು ಎಂದುಕೊಂಡು ಆ ಒಂದು ಬಾಗಿಗೆ ಅರಳೆ ಎಳೆದು ನೋಡಿರಲಿಲ್ಲ. ಹೊಲದವರ ಐದು ಎಚ್‌ಪಿ ಮೋಟಾರಿಗೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವಳಲ್ಲ. ಮೋಸದವರ ಕೆಲಸ ಎಂದು ಸಂಶಯಪಟ್ಟು ನಾನೇ ಮೋಸದ ಕೆಲಸ ಮಾಡಿದ್ದೆ.

"ತಪ್ಪು ನಂದು" ಎಂದೆ. ನಮ್ಮವರು "ಇರಲಿ ಬಿಡು, ತಾಮ್ರಾನ ಹಂಗ ಬಂದಿರ್ಬೇಕು" ಎಂದು ಶುರು ಮಾಡಿದರು. "ಬ್ಯಾಡ್ರಿ, ನಂದ" ಎಂದು ತಡೆದೆ. ಎಂಜಿನಿಯರ್ ಮುಳ್ಳಿನ ಮೇಲೆ ಬೆರಳಾಡಿಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಅದೇ ವಾರ ನರಗುಂದಕ್ಕೆ ಹೋಗಿ ಮುಖ್ಯಸ್ಥನಿಗೆ ನಾನೇ ಹೇಳಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಬಾಗಿಲು ಮುಂದೆ ಮಾಡಿ, ಸಲಿಗೆಯಿಂದ ಅಂದ.

"ಅಕ್ಕಾರ, ಇದನ್ನ ಇಲ್ಲೇ ಬಿಡೋಣ. ತಾಮ್ರದಾಗ ದೋಷ ಇತ್ತು ಅಂತ ಬರೀತೀವಿ. ನಿಮ್ಮ ಹೆಸರು ಬರೂದಿಲ್ಲ. ನೀವೂ ಆ ದಿನದ್ದು ಯಾರ ಮುಂದೂ ಎತ್ತಬ್ಯಾಡ್ರಿ."

ಅವನ ಬಾಯಲ್ಲಿ ನಮ್ಮ ಭಾಷೆ ಅಂದು ಮೊದಲ ಸಲ ಸರಾಗವಾಗಿ ಬಂದಿತ್ತು. ಒಪ್ಪಿದ್ದರೆ ಇಬ್ಬರಿಗೂ ಅನುಕೂಲವೇ ಇತ್ತು. ಒಂದು ಗಳಿಗೆ ಮನಸ್ಸು ಆ ಕಡೆ ವಾಲಿತ್ತು ಎಂಬುದನ್ನೂ ಬರೆಯಲೇಬೇಕು. ನನ್ನ ಕೈಯಲ್ಲಿ ತಪ್ಪಾಯಿತು ಎಂದು ಊರಿಗೆ ಗೊತ್ತಾದರೆ ನಾಳೆ ಯಾರು ಮೋಟಾರು ತರುತ್ತಾರೆ?

"ತಾಮ್ರಾ ಕೊಟ್ಟವರ ಮ್ಯಾಲ ಯಾಕ ಹಾಕ್ತೀರಿ? ಅವರದೇನೂ ತಪ್ಪಿಲ್ಲ. ನಂದು ನಾ ಬರದು ಕೊಡ್ತೀನಿ. ನಿಮ್ಮದು ನೀವ ಬರೀರಿ" ಎಂದೆ.

"ನಮ್ಮದೇನೈತಿ?"

"ಆ ದಿನಾ ಕಾಯಿಲ್ ನಡದಿಲ್ಲ ಅನ್ನೂದು. ಬಂದು ನೋಡಿದವರಿಗೇ ಬರೀರಿ."

"ಬರೆದರ ಕಂಪನಿ ಉಳಿಯೂದಿಲ್ರಿ."

"ಬರೀಲಿಲ್ಲ ಅಂದ್ರ ನಾ ನಂಬೂದಿಲ್ಲ. ನಾನೊಬ್ಬಾಕಿ ನಂಬಲಿಲ್ಲಂದ್ರ ನಿಮಗೇನೂ ಆಗೂದಿಲ್ಲ, ಗೊತ್ತೈತಿ. ಆದ್ರ ನನ್ನ ಕಾಗದದಾಗ ಒಂದು ಸಾಲ ಬರಸೀನಿ, ನೆನಪಿರಲಿ."

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಎಂಜಿನಿಯರ್ ಅಲ್ಲಿಯವರೆಗೂ ಮೂಲೆಯಲ್ಲಿ ನಿಂತಿದ್ದವಳು ಮುಂದೆ ಬಂದಳು. "ಸರ್, ನಾನು ಬರೀತೀನಿ. ನೀವು ಸಹಿ ಮಾಡದಿದ್ರೆ ನನ್ನ ಸಹಿಯಲ್ಲೇ ಹೋಗತ್ತೆ" ಎಂದಳು. ಅವರಿಬ್ಬರ ನಡುವೆ ಆಮೇಲೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಹೊರಗೆ ಬಂದುಬಿಟ್ಟೆ. ನಾಲ್ಕು ದಿನದ ಮೇಲೆ ಬಂಡವಾಳದವರಿಗೆ ಪತ್ರ ಹೋಯಿತು, ಇಬ್ಬರ ಸಹಿಯೂ ಇತ್ತು. ಅದರ ಜೊತೆ ನಾನು ಕನ್ನಡದಲ್ಲಿ ಬರೆದುಕೊಟ್ಟ ಅರ್ಧ ಪುಟವನ್ನೂ ಸೇರಿಸಿದ್ದಳು.

ಪತ್ರ ಓದಿ ಕೆಲವರು ಕೈ ಬಿಟ್ಟರಂತೆ. ಮಿಲ್ಲಿನಲ್ಲಿದ್ದ ಜನ ಅರ್ಧಕ್ಕೆ ಇಳಿದರು. ಮುಖ್ಯಸ್ಥ ತಿಂಗಳುಗಟ್ಟಲೆ ನಮ್ಮ ಜೊತೆ ಮಾತು ಬಿಟ್ಟ. ಊರಲ್ಲೂ ಸುದ್ದಿ ಹರಡಿ, ಒಬ್ಬಿಬ್ಬರು ಗಿರಾಕಿಗಳು ಮೋಟಾರನ್ನು ಬೇರೆ ಕಡೆ ಒಯ್ದರು. ಆದರೆ ಅವತ್ತು ಬಂದವರಲ್ಲಿ ವಯಸ್ಸಾದ ಒಬ್ಬರು, ನಿವೃತ್ತ ಎಂಜಿನಿಯರ್, ಒಬ್ಬರೇ ಮತ್ತೆ ಬಂದರು. ಸಂಗೀತ ಬೇಡ, ಪರದೆ ಬೇಡ, ಇದ್ದದ್ದನ್ನು ಇದ್ದ ಹಾಗೆ ತೋರಿಸಿ ಎಂದರು.

ಅಷ್ಟರಲ್ಲಿ ಏಳನೆಯದನ್ನು ನಾನು ಹೊಸದಾಗಿ ಸುತ್ತಿದ್ದೆ. ಉಳಿದ ಹನ್ನೊಂದನ್ನೂ ತರಿಸಿ ಪರೀಕ್ಷೆ ಮಾಡಿದ್ದೆ. ಅವತ್ತು ಗುಂಡಿ ಒತ್ತಿದಾಗ ಪಾದದಡಿ ನೆಲ ಅದುರಿತು. ಎಂಟು ಸಲ ಸರಿಯಾಗಿ ಬಂತು, ಒಂಬತ್ತನೆಯ ಸಲ ಬೆಳಕು ಹತ್ತಲೇ ಇಲ್ಲ. ಏಕೆಂದು ಯಾರಿಗೂ ತಿಳಿಯಲಿಲ್ಲ, ಎಂಜಿನಿಯರ್ ಹಾಗೆಂದೇ ಹೇಳಿದಳು. ಆಮೇಲೆ ಹಿರಿಯರು ಒಳಗೆ ಬಂದು ಕಾಯಿಲ್ ಮೇಲೆ ಅಂಗೈ ಇಟ್ಟರು. "ಇದನ್ನು ಸುತ್ತಿದವರು ಯಾರು?" ಎಂದು ಕೇಳಿದರು. ನಮ್ಮವರು ನನ್ನ ಕಡೆ ಕೈ ತೋರಿಸಿ "ಇಕಿರೀ" ಎಂದರು. ಮದುವೆಯಾದ ಮೇಲೆ ಹೊರಗಿನವರೆದುರು ಅವರು ಆ ಮಾತು ಹೇಳಿದ್ದು ಅದೇ ಮೊದಲು.

ಈಗ ಮಿಲ್ಲು ಮತ್ತೆ ಖಾಲಿಯಾಗಿದೆ. ಕಂಪನಿ ಸಮುದ್ರದ ಕಡೆಗೆ, ಬೇರೆ ರಾಜ್ಯಕ್ಕೆ ಹೋಗಿ ದೊಡ್ಡ ಯಂತ್ರ ಕಟ್ಟುತ್ತಿದೆ. ಅದರ ಕಾಯಿಲ್‌ಗೆ ತಾಮ್ರವಲ್ಲ, ಅತಿ ಚಳಿಯಲ್ಲಿ ಇಟ್ಟರೆ ಕರೆಂಟಿಗೆ ತಡೆಯೇ ಇಲ್ಲದ ಎಂಥದೋ ಪಟ್ಟಿ, ಹೊರದೇಶದಿಂದ ಬರುತ್ತದೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಕರೆಂಟು ಕೊಡುತ್ತೇವೆ ಎಂದು ಮುಖ್ಯಸ್ಥ ವಿಡಿಯೊದಲ್ಲಿ ಹೇಳಿದ ಗಡುವು ಹತ್ತಿರ ಬಂದು, ಈಗ ಸದ್ದಿಲ್ಲದೆ ಇನ್ನೊಂದು ಗಡುವು ಬಂದಿದೆ. ಅತ್ತೆ ಆಗಾಗ ಕೇಳುತ್ತಾರೆ. "ಆ ಸೂರ್ಯನ ಮಂದಿ ಎಲ್ಲಿಗೆ ಬಂದ್ರು?" ಇನ್ನೂ ನಡೆದಿದೆ ಎನ್ನುತ್ತೇನೆ.

ಎಂಜಿನಿಯರ್ ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಹೋದ ವಾರ ಮಾಡಿದಾಗ ಮಾತಿನಲ್ಲಿ ಗೆಲುವಿತ್ತು. ಹೊಸ ಯಂತ್ರದ ಸಣ್ಣ ಮಾದರಿಯಲ್ಲಿ ಬೆಳಕು ಪೂರ್ತಿ ಒಂದು ಸೆಕೆಂಡು ನಿಂತಿತಂತೆ. ನೋಡಿದವರು ಯಾರು, ಅಳತೆ ಮಾಡಿದವರು ಯಾರು, ಎಷ್ಟು ಸಲ ಬಂತು, ಎಷ್ಟು ಸಲ ಬರಲಿಲ್ಲ ಎಂದು ಕೇಳಿದೆ. ಅವಳು ನಕ್ಕು ಗ್ರಾಫನ್ನೇ ಕಳಿಸಿದಳು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನರೇಗಲ್‌ನಲ್ಲಿ ಫಿಸಿಕ್ಸ್ ಕಲಿಸುವ ಮೇಷ್ಟ್ರೊಬ್ಬರು ನಮ್ಮ ಗಿರಾಕಿ, ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಗೆರಿ ಚಲೋ ಅದಾವ್ರಿ. ಆದ್ರ ಅಳತಿ ಪ್ರಾಮಾಣಿಕ ಇದ್ರ ಮಾತ್ರ" ಎಂದರು.

ಆ 'ಆದ್ರ' ನನಗೂ ಹೋಗಿಲ್ಲ. ಮುಂದಿನ ತಿಂಗಳು ಹೊಳೆಆಲೂರಿನಿಂದ ರೈಲು ಹತ್ತಿ ಹೋಗಿ ನೋಡಿಬರಬೇಕು ಎಂದು ನಿಶ್ಚಯ ಮಾಡಿದ್ದೇನೆ. ನಮ್ಮವರು ತಾವೂ ಬರುತ್ತೇನೆ ಎಂದು ಎರಡು ಟಿಕೆಟ್ ತೆಗೆಸಿದ್ದಾರೆ. ಬರುವ ದಿನವನ್ನು ಎಂಜಿನಿಯರ್‌ಗೆ ಹೇಳಿದ್ದೇನೆ, ಮುಖ್ಯಸ್ಥನಿಗೆ ಹೇಳಬೇಡ ಎಂದೂ ಹೇಳಿದ್ದೇನೆ.